ಡಬ್ಬಿಯ ಮೇಲೆ ನನ್ನ ಮುಖ

ನಾನು ಚರ್ಮದ ಡಾಕ್ಟರು. ಜಯನಗರದ ಒಂದು ಅಡ್ಡರಸ್ತೆಯಲ್ಲಿ ನನ್ನ ಕ್ಲಿನಿಕ್ಕು. ಬರುವವರಲ್ಲಿ ಹೆಚ್ಚಿನವರದು ದೊಡ್ಡ ಕಾಯಿಲೆಯಲ್ಲ. ಅಜ್ಜಿಯ ಒಣಚರ್ಮದ ತುರಿಕೆ, ಮನೆಮಂದಿಗೆಲ್ಲ ಹಬ್ಬಿದ ಹುಳಕಡ್ಡಿ, ಕೂಸಿನ ತೊಡೆಸಂದಿಯ ಕೆಂಪು. ಕುಕ್ಕರಿನ ಹಬೆ ತಾಗಿದ ಕೈಗೆ ಟೂತ್‌ಪೇಸ್ಟ್ ಮೆತ್ತಿಕೊಂಡು ಓಡಿಬರುವವರು ಈಗಲೂ ಇದ್ದಾರೆ. ಅದನ್ನು ತೊಳೆಯುತ್ತಾ, "ಸುಟ್ಟ ತಕ್ಷಣ ನಲ್ಲಿ ನೀರಿಗೆ ಕೈ ಹಿಡೀರಿ, ಬೇರೇನೂ ಬೇಡ" ಎಂದು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಹೊರಗೆ ಕಾಯುವವರು ಹೆಚ್ಚಾದಾಗ ಅಷ್ಟು ಹೇಳುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

ಇದನ್ನು ಕಂಡ ನನ್ನ ತಮ್ಮ ಒಂದು ದಿನ ಹೇಳಿದ: "ಅಕ್ಕ, ದಿನಾ ಇಲ್ಲಿ ಹೇಳೋದನ್ನೇ ಕ್ಯಾಮೆರಾ ಮುಂದೆ ಒಂದ್ಸಲ ಹೇಳ್ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದವನು. ಕೊರೊನಾ ಬಂದು ಮದುವೆಗಳೆಲ್ಲ ನಿಂತಾಗ ಅವನ ಕೆಲಸವೂ ನಿಂತಿತು, ಆಮೇಲೆ ಮೊದಲಿನಂತೆ ಕುದುರಲೇ ಇಲ್ಲ. ಬನಶಂಕರಿಯಲ್ಲಿ ಅಮ್ಮನ ಜೊತೆ ಇದ್ದ. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದ. ಅದು ಮತ್ತೆ ಹೊರಗೆ ಬಂದದ್ದೇ ನನಗೆ ಸಂತೋಷವಾಗಿತ್ತು.

ಭಾನುವಾರ ಬೆಳಿಗ್ಗೆ ನಾನು ಜೆ.ಪಿ. ನಗರದಿಂದ ಅಲ್ಲಿಗೆ ಹೋಗುತ್ತಿದ್ದೆ. ಹಾಲಿನ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಿದ್ದ. ಎದುರಿಗೆ, ಕ್ಯಾಮೆರಾದ ಹಿಂದೆ, ಅಮ್ಮ. ಅಮ್ಮನಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ನಮ್ಮ ಲೆಕ್ಕ. ನಾನು ಫಂಗಸ್ ಎಂದರೆ ಅವಳು ಕೈಯೆತ್ತಿ ನಿಲ್ಲಿಸುತ್ತಿದ್ದಳು. "ಅದೇನೇ ಅದು, ಹುಳಕಡ್ಡಿ ಅನ್ನು." ಸರಿ, ಹುಳಕಡ್ಡಿ. ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರೂ ತೋರಿಸಿಕೊಳ್ಳಿ, ಟವೆಲು ಬೇರೆ ಬೇರೆ ಇಡಿ, ಕಲೆ ಮಾಯವಾಯಿತೆಂದು ಔಷಧಿಯನ್ನು ಮಧ್ಯದಲ್ಲಿ ಬಿಡಬೇಡಿ. ಮೆಡಿಕಲ್ ಸ್ಟೋರಿನವರು ಕೊಟ್ಟ ಟ್ಯೂಬನ್ನು ಹಾಗೇ ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆರೆತ ಬೇಗ ನಿಲ್ಲುತ್ತದೆ, ಹುಳಕಡ್ಡಿ ಮಾತ್ರ ಒಳಗೊಳಗೇ ಹರಡುತ್ತದೆ. ಮುಖ ಬಿಳಿ ಮಾಡುತ್ತೇವೆ ಎನ್ನುವ ಕ್ರೀಮುಗಳ ಬಗ್ಗೆ ಒಂದು ಇಡೀ ವಿಡಿಯೋ ಮಾಡಿದೆವು. "ಬಣ್ಣ ಕಾಯಿಲೆ ಅಲ್ಲ, ಅದಕ್ಕೆ ಔಷಧಿ ಹುಡುಕಬೇಡಿ" ಎಂದಿದ್ದೆ. ಶೂಟಿಂಗ್ ಮುಗಿಸಿ ಮೂವರೂ ಅಡುಗೆಮನೆಯಲ್ಲೇ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದೆವು. ಅಪ್ಪ ಹೋದ ಮೇಲೆ ನಾವು ಮೂವರು ಒಟ್ಟಿಗೆ ಅಷ್ಟು ನಕ್ಕದ್ದು ಆ ಭಾನುವಾರಗಳಲ್ಲೇ.

ಜನ ನೋಡಿದರು. ಹುಳಿಮಾವಿನಿಂದ, ಚಿಕ್ಕಲಸಂದ್ರದಿಂದ ಬಂದವರು "ನಿಮ್ಮನ್ನ ಮೊಬೈಲಲ್ಲಿ ನೋಡಿದೀವಿ ಮೇಡಂ" ಎನ್ನುತ್ತಿದ್ದರು. ಯಡಿಯೂರು ಕೆರೆಯ ಹತ್ತಿರ ವಾಕಿಂಗ್‌ನಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ ಮೊಣಕೈ ತೋರಿಸಿದ್ದೂ ಉಂಟು.

ಒಂದು ವಾರದ ಮಧ್ಯೆ, ಬೆಳಗಿನ ಹೊತ್ತು, ಒಬ್ಬ ಹುಡುಗಿ ಬಂದಳು. ವಿಜಯಪುರದ ಕಡೆಯವಳು. ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಮುಖಕ್ಕೆ ಕಟ್ಟಿಕೊಂಡಿದ್ದ ದುಪಟ್ಟಾ ತೆಗೆದಳು. ಎರಡೂ ಕೆನ್ನೆ ಕೆಂಡದಂತೆ ಕೆಂಪು. ಚರ್ಮ ತೆಳುವಾಗಿ ಹೊಳೆಯುತ್ತಿತ್ತು. ಕೆಳಗೆ ಕೂದಲೆಳೆಯಂಥ ರಕ್ತನಾಳಗಳು, ಗಲ್ಲದ ಮೇಲೆ ಸಣ್ಣ ಕೂದಲು. ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು, ತಿಂಗಳುಗಟ್ಟಲೆ ಮುಖಕ್ಕೆ ಸ್ಟೀರಾಯ್ಡ್ ಹಚ್ಚಿಕೊಂಡವರ ಮುಖ ಇದು.

"ಏನು ಹಚ್ತಿದ್ರಿ?"

"ನೀವು ಹೇಳಿದ್ದ ಹಚ್ಚೀನ್ರಿ ಮೇಡಂ. ಮೊದ್ಲ ಭಾಳ ಚಲೋ ಆಗಿತ್ರಿ, ಮೊಡವಿ ಎಲ್ಲಾ ಹೋಗಿದ್ವು. ಈಗ ಒಂದಿನ ಬಿಟ್ರ ಮಾರಿ ಉರೀತೈತ್ರಿ."

"ನಾನು ಹೇಳಿದ್ದಾ? ನಿಮ್ಮನ್ನ ಇವತ್ತೇ ಅಲ್ವಾ ನಾನು ನೋಡ್ತಿರೋದು?"

"ಹೌದ್ರಿ. ಆದ್ರ ನಿಮ್ಮನ್ನ ನಾ ದಿನಾ ನೋಡ್ತೀನ್ರಿ, ಮೊಬೈಲ್‌ನ್ಯಾಗ."

ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಹಸಿರು ಮುಚ್ಚಳ, ಸುತ್ತಲೂ ಎಲೆಗಳ ಚಿತ್ರ. ನಡುವೆ ಬಿಳಿ ಕೋಟು ಹಾಕಿಕೊಂಡು ನಗುತ್ತಿರುವ ನಾನು.

ಅವಳು ಮೊಬೈಲಿನಲ್ಲಿ ವಿಡಿಯೋ ಹಾಕಿ ನನ್ನ ಕಡೆ ತಿರುಗಿಸಿದಳು. ನಾನು ಯಾವತ್ತೂ ನೋಡಿರದ ಪೇಜು ಅದು. ನಮ್ಮ ಹಾಲಿನ ಕಿಟಕಿ, ಅದೇ ಕುರ್ಚಿ, ನನ್ನದೇ ದನಿ: "ಸ್ನಾನ ಆದ ಮೇಲೆ ಚರ್ಮ ಸ್ವಲ್ಪ ಒದ್ದೆ ಇರೋವಾಗ್ಲೇ ಹಚ್ಕೊಳ್ಳಿ. ದಿನಾ ಹಚ್ಕೊಳ್ಳಿ, ಬಿಡಬೇಡಿ. ನಮ್ಮಮ್ಮಂಗೂ ನಾನು ಇದನ್ನೇ ಹೇಳೋದು." ಆಮೇಲೆ ಆ ಡಬ್ಬಿ ತೆರೆ ತುಂಬ ಬಂತು. ಆ ಮಾತು ನಾನು ಆಡಿದ್ದೇ. ವಯಸ್ಸಾದವರ ಒಣಚರ್ಮಕ್ಕೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಸಾಕು ಎಂದು ಹೇಳುತ್ತಾ ಆಡಿದ್ದು. ಹಿಂದಿನದು ಮುಂದಿನದು ಎರಡನ್ನೂ ಕತ್ತರಿಸಿ, ಬೇಕಾದಷ್ಟು ಮಾತ್ರ ಉಳಿಸಿದ್ದರು.

"ಈ ಮಾತು ನಂದೇ. ಆದ್ರೆ ಈ ಕ್ರೀಮಿಗೂ ನನಗೂ ಸಂಬಂಧ ಇಲ್ಲ" ಎಂದೆ.

ಅವಳು ನನ್ನನ್ನೇ ನೋಡಿದಳು. "ಮಾತು ನಿಮ್ದು, ಮಾರಿ ನಿಮ್ದು, ಡಬ್ಬಿ ಅಷ್ಟ ನಿಮ್ದಲ್ಲೇನ್ರಿ?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಇವತ್ತಿನಿಂದ ಈ ಡಬ್ಬಿ ಬಂದ್. ಬಿಟ್ಟ ಮೇಲೆ ಮೊದಮೊದಲು ಮುಖ ಇನ್ನೂ ಕೆಂಪಾಗುತ್ತದೆ, ಉರಿಯುತ್ತದೆ. ಹೆದರಿ ಮತ್ತೆ ಹಚ್ಚಬೇಡಿ, ಹಚ್ಚಿದಷ್ಟೂ ಬಿಡುವುದು ಕಷ್ಟ. ಉರಿಗೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ, ನಾನು ಬರೆದುಕೊಟ್ಟ ಔಷಧಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್, ಅಷ್ಟೇ. ನಿಂಬೆಹಣ್ಣು, ಅರಿಶಿನ, ಕಡಲೆಹಿಟ್ಟು ಯಾವುದೂ ಬೇಡ. ಗುಣವಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಚೀಟಿಯನ್ನು ಮಾತ್ರ ಎರಡೆರಡು ಸಲ ಓದಿ, ಫೋಟೋ ತೆಗೆದುಕೊಂಡು ಯಾರಿಗೋ ಕಳಿಸಿದಳು. "ಇನ್ನೊಬ್ಬ ಡಾಕ್ಟರಿಗೆ ತೋರಸ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದಳು. ತೋರಿಸಿ ಎಂದೆ. ಡಬ್ಬಿ ಮಾತ್ರ ನನಗೆ ಬಿಟ್ಟುಹೋಗಿ ಎಂದು ಕೇಳಿಕೊಂಡೆ.

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿ ನೇರ ಬನಶಂಕರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಯಾರೋ ಕಳ್ಳರು ತಮ್ಮನ ವಿಡಿಯೋ ಕದ್ದಿದ್ದಾರೆ, ಅವನಿಗೆ ತಿಳಿದರೆ ಎಷ್ಟು ನೊಂದುಕೊಳ್ಳುತ್ತಾನೋ ಎಂದು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದಕ್ಕೆ ಎಳೆದಿತ್ತು. ಒಳಗೆ ಊಟದ ಮೇಜಿನ ಮುಂದೆ ಅಮ್ಮ ಕೂತಿದ್ದಳು. ಅವಳ ಎದುರು ಹಸಿರು ಮುಚ್ಚಳದ ಡಬ್ಬಿಗಳು. ಹಾಳೆಯಿಂದ ಒಂದೊಂದೇ ಚೀಟಿ ಬಿಡಿಸಿ, ಅಂಚು ಸುಕ್ಕಾಗದ ಹಾಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದಳು. ಪ್ರತಿ ಚೀಟಿಯಲ್ಲೂ ನಾನು. ನನ್ನನ್ನು ಕಂಡವಳೇ ದಿನಪತ್ರಿಕೆ ಎಳೆದು ಮೇಲೆ ಮುಚ್ಚಿದಳು.

"ಏನಮ್ಮ ಇದು?"

"ಏನಿಲ್ಲ ಕಣೇ, ಅವನ ಕೆಲಸ. ಒಂದ್ ಸ್ವಲ್ಪ ಅಂಟಿಸಿಕೊಡ್ತಿದ್ದೆ. ನೀನೇನು ಇಷ್ಟೊತ್ತಲ್ಲಿ?"

ದನಿ ಕೇಳಿ ತಮ್ಮ ಕೋಣೆಯಿಂದ ಬಂದ. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ. ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ. ನಕ್ಕ.

"ಅಕ್ಕ, ಹೇಳೋಣ ಅಂತಾನೇ ಇದ್ದೆ. ಸ್ವಲ್ಪ ಕುದುರಲಿ, ಆಮೇಲೆ ಸರ್ಪ್ರೈಸ್ ಕೊಡೋಣ ಅಂತ."

"ಇದರೊಳಗೆ ಏನಿದೆಯೋ?"

"ಎಲ್ಲಾ ಗಿಡಮೂಲಿಕೆ. ಮಾಡಿಕೊಡೋರು ಹಂಗೇ ಹೇಳಿದ್ದು. ಎಲ್ರೂ ಸಖತ್ತಾಗಿದೆ ಅಂತಾರೆ."

"ಇದರಲ್ಲಿ ಸ್ಟೀರಾಯ್ಡ್ ಇದೆ. ಬೆಳಿಗ್ಗೆ ಒಂದು ಹುಡುಗಿ ಬಂದಿದ್ಲು, ಅವಳ ಮುಖ ನೋಡಿದ್ರೆ ನೀನು ಊಟ ಮಾಡಲ್ಲ."

"ಒಬ್ಬಿಬ್ರಿಗೆ ಆಗಿಬರಲ್ಲ ಅಕ್ಕ. ನೀನು ಕೊಡೋ ಔಷಧಿ ಎಲ್ರಿಗೂ ಆಗಿಬರುತ್ತಾ?"

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದ.

ಅಂದರೆ ಇದು ತಪ್ಪೆಂದು ಅವನಿಗೆ ಗೊತ್ತಿತ್ತು. ಅಮ್ಮ ಎದ್ದು ನನ್ನ ತೋಳು ಹಿಡಿದಳು, "ಬಾ, ಕೂತ್ಕೋ, ಕಾಫಿ ಕೊಡ್ತೀನಿ" ಎಂದಳು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ನೇರವಾಗಿ ಬಿತ್ತು. ಹೊಳೆಯುವ ಕೆನ್ನೆ. ಕೆಂಪು. ಮೂಗಿನ ಪಕ್ಕದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಜಾಲ. ಈಚೆಗೆ ಕೆಲವು ಭಾನುವಾರಗಳಿಂದ ಅವಳು ಹಾಲಿಗೆ ಬರುತ್ತಿರಲಿಲ್ಲ. ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಅಡುಗೆಮನೆಯ ಮಬ್ಬಿನಲ್ಲೇ ಇರುತ್ತಿದ್ದಳು, ನಾನೂ ಅವಳ ಮುಖವನ್ನು ಬೆಳಕಿನಲ್ಲಿ ನೋಡಿರಲಿಲ್ಲ.

"ಅಮ್ಮ, ನೀನೂ ಹಚ್ತಿದೀಯಾ?"

"ಹೂಂ. ನಂಗೇನೂ ಆಗಿಲ್ಲ, ಕಲೆ ಎಲ್ಲ ಹೋಯ್ತು."

"ನನ್ನ ಫೋಟೋ ಹಾಕಿ ಮಾರ್ತಿದಾನೆ ಅಂತ ನಿನಗೆ ಮೊದಲಿಂದ ಗೊತ್ತಿತ್ತಾ?"

"ಅವನೇನು ಹೊರಗಿನವನಾ? ನಿನಗೆ ಕ್ಲಿನಿಕ್ ಇದೆ, ಹೆಸರಿದೆ. ಅವನಿಗೂ ಒಂದು ದಾರಿ ಬೇಡ್ವಾ? ನಿನ್ನ ಮುಖದಿಂದ ಅವನಿಗೊಂದು ಒಳ್ಳೇದಾದ್ರೆ ನಿನಗೇನೇ ಕಡಿಮೆ ಆಗುತ್ತೆ?"

ಅವಳ ಮಾತಿನಲ್ಲಿ ಕಪಟವೇನೂ ಇರಲಿಲ್ಲ, ಆ ಕ್ರೀಮಿನಿಂದ ಯಾರಿಗಾದರೂ ಕೆಡುಕಾಗುತ್ತದೆ ಎಂದು ಅವಳಿಗೆ ತಿಳಿದಿರಲೂ ಇಲ್ಲ. ಆದರೆ ನನ್ನಿಂದ ಮುಚ್ಚಿಡಬೇಕು ಎಂಬುದು ತಿಳಿದಿತ್ತು. ವಾರವಾರ ನನಗೆ ರೊಟ್ಟಿ ಬಡಿಸುತ್ತಾ, ಬುತ್ತಿ ಕಟ್ಟಿಕೊಡುತ್ತಾ, ಮುಚ್ಚಿಟ್ಟಿದ್ದಳು.

ವಿಡಿಯೋ ಅಳಿಸು, ತೆಗೆದುಕೊಂಡವರಿಗೆಲ್ಲ ನಿಲ್ಲಿಸಿ ಎಂದು ತಿಳಿಸು, ಅಂದೆ ತಮ್ಮನಿಗೆ. "ಎಲ್ರಿಗೂ ಹೇಳಿದ್ರೆ ನಾನು ಮುಗಿದೆ ಅಕ್ಕ" ಎಂದ. ಅಷ್ಟೂ ಜನರ ಮುಖದ ಗತಿ ಏನು ಎಂದೆ. ಕೊನೆಗೆ ನನ್ನ ಎದುರೇ ಆ ಪೇಜು ತೆಗೆದುಹಾಕಿದ. ಇನ್ನು ಮಾಡುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ. ನಂಬಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತ್ರೆಯನ್ನು ನಾನು ಕೊಟ್ಟರಷ್ಟೇ ನುಂಗುತ್ತಿದ್ದ ಹುಡುಗ ಅವನು.

ಡಬ್ಬಿಯನ್ನು ಪರೀಕ್ಷೆಗೆ ಕಳಿಸಿದೆ. ಅಂದುಕೊಂಡದ್ದೇ ಬಂತು, ಬಲವಾದ ಸ್ಟೀರಾಯ್ಡು. ಅದೇ ವಾರ ಆ ವಿಜಯಪುರದ ಹುಡುಗಿ ನನಗೊಂದು ವಿಡಿಯೋ ಕಳಿಸಿದಳು. ಹೊಸ ಪೇಜು, ಹೊಸ ಹೆಸರು, ಹಳದಿ ಮುಚ್ಚಳ. ಅದರಲ್ಲಿ ಮತ್ತೆ ನಾನು, ಅದೇ ಮಾತು. ಕೆಳಗೆ ಅವಳು ಬರೆದಿದ್ದಳು: "ಮೇಡಂ, ಇದೂ ನಿಮ್ದಲ್ಲೇನ್ರಿ?"

ತಮ್ಮನಿಗೆ ಫೋನು ಮಾಡಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದೆ, ಔಷಧ ನಿಯಂತ್ರಣ ಇಲಾಖೆಗೂ ದೂರು ಬರೆದುಕೊಟ್ಟೆ. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದರು. ಅನುಮಾನವಿಲ್ಲ, ನನ್ನ ತಮ್ಮನೇ ಎಂದೆ. ಬರೆದುಕೊಳ್ಳುತ್ತಿದ್ದ ಪೊಲೀಸಮ್ಮ ತಲೆಯೆತ್ತಿ, "ಸ್ವಂತ ತಮ್ಮನಾ ಮೇಡಂ?" ಎಂದರು.

ಆಮೇಲೆ ಕ್ಲಿನಿಕ್ಕಿನಲ್ಲೇ, ಪುಸ್ತಕಗಳಿಗೆ ಮೊಬೈಲು ಒರಗಿಸಿಟ್ಟು, ನಾನೊಬ್ಬಳೇ ಒಂದು ವಿಡಿಯೋ ಮಾಡಿದೆ. ಈ ಡಬ್ಬಿ ನನ್ನದಲ್ಲ, ಇದರಲ್ಲಿ ಸ್ಟೀರಾಯ್ಡ್ ಇದೆ, ಹಚ್ಚುತ್ತಿರುವವರು ಹತ್ತಿರದ ಚರ್ಮದ ಡಾಕ್ಟರನ್ನು ನೋಡಿ, ಮನೆಮದ್ದು ಮಾಡಿಕೊಳ್ಳಬೇಡಿ. ಹಲವರು ಬಂದು ತೋರಿಸಿಕೊಂಡರು. ಇನ್ನು ಕೆಲವರು ಕೆಳಗೆ ಬರೆದರು, ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಹೇಳುತ್ತಾರೆ ಎಂದು. ಎಷ್ಟೋ ವರ್ಷದಿಂದ ಬರುತ್ತಿದ್ದ ಬಸವನಗುಡಿಯ ಒಂದು ಮನೆಯವರು ಬರುವುದು ನಿಲ್ಲಿಸಿದರು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಅಮ್ಮ ಒಂದು ದಿನ ಕ್ಲಿನಿಕ್ಕಿಗೆ ಬಂದಳು. ಫೋನು ಮಾಡಿರಲಿಲ್ಲ. ಬೇರೆಯವರ ಜೊತೆ ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಬಂದಳು. ಕ್ರೀಮು ಬಿಟ್ಟಿದ್ದಳು. ಮುಖ ಊದಿ, ಕಣ್ಣಿನ ಸುತ್ತ ಸಿಪ್ಪೆ ಏಳುತ್ತಿತ್ತು. ನೋಡಿ ನನಗೆ ಅಳು ಬಂತು, ತಡೆದುಕೊಂಡೆ. ಆ ಹುಡುಗಿಗೆ ಹೇಳಿದ್ದನ್ನೇ ಅಮ್ಮನಿಗೂ ಹೇಳಿದೆ, ತಣ್ಣೀರಿನ ಬಟ್ಟೆಯಿಂದ ಹಿಡಿದು ಸನ್‌ಸ್ಕ್ರೀನ್‌ವರೆಗೆ. ಅವಳು ಕೇಳಿಸಿಕೊಂಡಳು. ಚೀಟಿಯನ್ನು ಮಡಿಚಿ ಪರ್ಸಿಗೆ ಹಾಕಿಕೊಂಡಳು. ಎದ್ದು ನಿಂತು, "ಆ ಕಂಪ್ಲೇಂಟ್ ವಾಪಸ್ ತಗೋ. ಸ್ಟೇಷನ್ನಿಗೆ ಅಲೆದೂ ಅಲೆದೂ ಸೊರಗಿಹೋಗಿದಾನೆ" ಎಂದಳು.

"ಆಗಲ್ಲ ಅಮ್ಮ."

"ಹಂಗಾದ್ರೆ ನಮ್ಮನೆಗೆ ಬರಬೇಡ."

"ನಿನ್ನ ಮುಖ ನೋಡ್ಕೊಂಡಿದೀಯಾ ಅಮ್ಮ? ಇದನ್ನ ಮಾಡಿದ್ದು ಯಾರು?"

"ನಾನೇ ಹಚ್ಕೊಂಡಿದ್ದು. ಅವನೇನು ಬಲವಂತ ಮಾಡಿದ್ನಾ?" ಎಂದು ಬಾಗಿಲು ತೆಗೆದುಕೊಂಡು ಹೋದಳು. ಹೊರಗೆ ಕಾಯುತ್ತಿದ್ದವರು ಜಾಗ ಬಿಟ್ಟರು.

ಕೇಸು ಇನ್ನೂ ನಡೆಯುತ್ತಿದೆ. ತಮ್ಮ ಆ ವ್ಯಾಪಾರ ಬಿಟ್ಟು, ಯಾರದೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದಾನಂತೆ. ಬಿಟಿಎಂನ ಹುಡುಗಿ ಬರುತ್ತಿರುತ್ತಾಳೆ. ಮುಖ ಬಹುಮಟ್ಟಿಗೆ ತಿಳಿಯಾಗಿದೆ. ನಾನು ಏನೇ ಬರೆದರೂ ಅವಳು ಇನ್ನೊಬ್ಬರಿಗೆ ತೋರಿಸಿಯೇ ಹಚ್ಚುತ್ತಾಳೆ.

ಮೊನ್ನೆ ನಮ್ಮ ಕಡೆಯವರ ಮದುವೆಗೆ ಪದ್ಮನಾಭನಗರದ ಕಲ್ಯಾಣಮಂಟಪಕ್ಕೆ ಹೋಗಿದ್ದೆ. ಊಟದ ಹಾಲಿನಲ್ಲಿ ನನ್ನ ಹಿಂದಿನ ಸಾಲಿನಲ್ಲೇ ಅಮ್ಮ ಕೂತಿದ್ದಾಳೆಂದು ದನಿಯಿಂದ ಗೊತ್ತಾಯಿತು. ನನ್ನ ಪರಿಚಯವಿಲ್ಲದ, ದೂರದ ಸಂಬಂಧದ ಹೆಂಗಸೊಬ್ಬರು ಅವಳನ್ನು ಕೇಳುತ್ತಿದ್ದರು, "ಹೋದ ಸಲ ನೋಡಿದಾಗ ಮುಖ ಎಷ್ಟು ಕೆಟ್ಟಿತ್ತು, ಈಗ ಚೆನ್ನಾಗಾಗಿದೆಯಲ್ರೀ, ಯಾರಿಗೆ ತೋರಿಸಿದ್ರಿ?"

"ಬಿಸಿಲಿಗೆ ಹಂಗಾಗಿತ್ತು" ಎಂದಳು ಅಮ್ಮ. "ಜಯನಗರದಲ್ಲಿ ಯಾರೋ ಒಬ್ರು ಡಾಕ್ಟ್ರು. ಚೆನ್ನಾಗಿ ನೋಡ್ತಾರೆ."

ನಾನು ತಿರುಗಲಿಲ್ಲ. ಎಲೆಗೆ ಪಾಯಸ ಬಡಿಸುತ್ತಿದ್ದವರಿಗೆ ಸಾಕು ಎಂದು ಕೈ ಅಡ್ಡ ಹಿಡಿದೆ.