ಕಾಟಾ, ಲೂಪು ಮತ್ತು ನನ್ನ ನೆಗೆಣ್ಣಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಡಂಬಳದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ದಿನದಿಂದಲೇ ನನಗೆ ಅವಳನ್ನು ಕಂಡರೆ ಆಗುವುದಿಲ್ಲ. ನಾನು ಬೆಟಗೇರಿಯವಳು, ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಅವಳು ಅದೇ ವಿಷಯದಲ್ಲಿ ಬಿ.ಇ. ಮಾಡಿದವಳು. ಮನೆಗೆ ಬಂದವರೆದುರು ಅತ್ತೆ ಅವಳನ್ನು ಇಂಜಿನಿಯರ್ ಸೊಸೆ ಎಂದು ತೋರಿಸುತ್ತಿದ್ದರು. ನನ್ನ ಮಾತು ಬಂದರೆ ನನ್ನ ಕೈಯ ಎಣ್ಣೆಗಾಯಿ ಹೊಗಳಿ ಮುಗಿಸುತ್ತಿದ್ದರು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಉದ್ದ ಅನ್ನುವುದು ಸುಳ್ಳಲ್ಲ.

ಲಕ್ಷ್ಮೇಶ್ವರದಲ್ಲಿ ನಮ್ಮದು ಶೇಂಗಾ ಎಣ್ಣೆಯ ಗಿರಣಿ. ಮದುವೆಯಾದಾಗಿನಿಂದ ಅದರ ಆಫೀಸಿನ ಕುರ್ಚಿಯ ಮೇಲೆ ನನ್ನ ಕಣ್ಣು. ರೊಟ್ಟಿ ಬಡಿಯುವಾಗಲೂ ಅಲ್ಲಿ ಕೂತು ಗಿರಣಿ ನೋಡಿಕೊಳ್ಳುವ ಕನಸೇ. ಹೋದ ವರ್ಷ ಮಾವನವರು ಚೀಲ ತೂಗುವ ಹೊಸ ಕಾಟಾ ತಂದರು, ತೂಕವನ್ನು ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಕಳಿಸುವಂಥದ್ದು. ಅದನ್ನು ಪರದೆಯ ಮೇಲೆ ಮೂಡಿಸುವ ಕೆಲಸ ನಾನು ಮಾಡುತ್ತೇನೆ ಅಂದೆ. ಮಾಡಿ ತೋರಿಸು, ಆಫೀಸು ನಿನ್ನ ಕೈಗೆ ಕೊಡುತ್ತೇನೆ ಅಂದರು.

ಕಾಲೇಜಿನಲ್ಲಿ ಕಲಿತಿದ್ದ ಚಿತ್ರದ ಪ್ರೋಗ್ರಾಮಿಂಗ್ ತೆಗೆದೆ. ಅದರಲ್ಲಿ ಸಾಲುಗಟ್ಟಲೆ ಬರೆಯುವುದಿಲ್ಲ. ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ನಡುವೆ ತಂತಿ ಎಳೆಯುವುದು. ಸುತ್ತ ಒಂದು ಚೌಕಟ್ಟು ಹಾಕಿದರೆ ಅದೇ ಲೂಪು, ಒಳಗಿನ ಕೆಲಸ ನಿಲ್ಲದೆ ಮರಳಿ ಮರಳಿ ನಡೆಯುತ್ತದೆ. ನನ್ನ ಲೂಪು ಪ್ರತಿ ಸುತ್ತಿಗೂ ಕೇಬಲ್ಲು ಬಂದು ಸೇರುವ ಸೀರಿಯಲ್ ಪೋರ್ಟಿನಿಂದ, ಆ ಹೊತ್ತಿಗೆ ಬಂದಿರುವುದರಲ್ಲಿ ಹೆಚ್ಚೆಂದರೆ ಇಂತಿಷ್ಟು ಅಕ್ಷರ ಓದಿ ತೋರಿಸಬೇಕು. ಮೊದಲ ಚೀಲ ಇಟ್ಟರು. ಕಾಟಾದ ಮೇಲೆ 42.60. ನನ್ನ ಪರದೆಯ ಮೇಲೆ 42, ಮರುಕ್ಷಣ .60, ಆಮೇಲೆ ಬರೀ 4. ನಿಧಾನ ಮಾಡಿದರೆ ಸರಿಹೋದೀತೆಂದು ಲೂಪಿನೊಳಗೆ ಒಂದು ತಡೆ ಹಾಕಿದೆ. ಓದದೆ ಉಳಿದ ಅಂಕಿಗಳು ಪೋರ್ಟಿನಲ್ಲಿ ರಾಶಿ ಬಿದ್ದವು. ಚೀಲ ಇಳಿಸಿ ಹಮಾಲರು ಚಹಾಕ್ಕೆ ಹೋದರೂ ಪರದೆ ಇನ್ನೂ ಅದನ್ನೇ ತೂಗುತ್ತಿತ್ತು. ಮಾವನವರು ಮನೆಗೆ ಫೋನ್ ಮಾಡಿ ಸಣ್ಣ ಸೊಸೆಯನ್ನು ಕರೆಸಿದರು.

ಬಂದಳು, ನೋಡಿದಳು. ಕಾಟಾ ಒಂದು ತೂಕ ಹೇಳಿ ಮುಗಿಸಿದಾಗ ಕೊನೆಗೊಂದು ಗುರುತು ಕಳಿಸುತ್ತದಂತೆ. ಅದು ಬರುವ ತನಕ ಕಾಯಬೇಕಂತೆ.

"ಅಕ್ಕಾರ, ಅದು ಮಾತು ಮುಗಸೂದ್ರಾಗ ನಿಮ್ಮ ಲೂಪು ನಡುವ ಬಾಯಿ ಹಾಕತೈತ್ರಿ."

ಲೂಪಿಗೆ ಅಂದಳೋ, ನನಗೇ ಅಂದಳೋ! ಯಾರ ಮಾತನ್ನೂ ನಾನು ಪೂರ್ತಿ ಕೇಳುವುದಿಲ್ಲ ಎಂದು ಅತ್ತೆ ದಿನಾ ಹಾಡುವುದು ಅವಳಿಗೂ ಗೊತ್ತು. ನನ್ನ ತಡೆಯನ್ನು ಕಿತ್ತೆಸೆದು, ಆ ಗುರುತಿಗೊಂದು ಡಬ್ಬಿ ಇಟ್ಟು ತಂತಿ ಎಳೆದಳು. ಮುಂದಿನ ಚೀಲಕ್ಕೆ ಕಾಟಾದ ಅಂಕಿಯೂ ಪರದೆಯ ಅಂಕಿಯೂ ಒಂದೇ. ಅವಳಿಗೆ ತರಿಸಿದ ಚಹಾ ಇನ್ನೂ ಆರಿರಲಿಲ್ಲ. ಕರೆಂಟಾದರೂ ಹೋಗಲಿ ದೇವರೇ ಎಂದು ಬೇಡಿಕೊಂಡೆ. ಬೇಡದ ಹೊತ್ತಿನಲ್ಲೆಲ್ಲ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ನಾಳೆಯಿಂದ ನೀನೇ ಆಫೀಸು ನೋಡಿಕೊ ಎಂದು ಮಾವನವರು ಅವಳಿಗೆ ಹೇಳಿಯೇಬಿಟ್ಟರು. ಮೊದಲು ಮಾತು ಕೊಟ್ಟದ್ದು ನನಗೆ ಎಂದು ನಾನು ಸೆರಗು ಬಿಗಿದು ಜಗಳಕ್ಕೆ ಸಿದ್ಧಳಾದೆ. ಅವಳು ಅದಕ್ಕೂ ಆಸ್ಪದ ಕೊಡಲಿಲ್ಲ.

"ನನಗ ಬ್ಯಾಡ್ರಿ ಮಾವಾರ. ದಿನಾ ಒಂದ ಕಡೆ ಕುಂದ್ರಾಕ ನನಗ ಆಗಂಗಿಲ್ಲ. ಅಕ್ಕಾರ ಕುಂದರ್ಲಿ."

ಈಗ ಅವಳು ಇವತ್ತು ಶಿರಹಟ್ಟಿ, ನಾಳೆ ಮುಂಡರಗಿ ಎಂದು ಸ್ಕೂಟಿ ಏರಿ ಹೋಗುತ್ತಾಳೆ. ಅಲ್ಲಿಯ ಗಿರಣಿಯವರೂ ಕಾಟಾ ಜೋಡಿಸಲು ಅವಳನ್ನೇ ಕರೆಯುತ್ತಾರೆ. ಅತ್ತೆಗೆ ಹೇಳಿಕೊಳ್ಳಲು ಇನ್ನೊಂದು ಸಿಕ್ಕಿತು. ಆಫೀಸಿನಲ್ಲಿ ನಾನೇ ಇದ್ದೇನೆ. ಅವಳು ಜಗಳವಾಡಿ ಕಿತ್ತುಕೊಂಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಇಷ್ಟು ವರ್ಷ ನಾನು ಆಸೆಪಟ್ಟಿದ್ದನ್ನು ಅವಳು ಒಂದೇ ಮಾತಿಗೆ ಬೇಡ ಅಂದಳು, ಅವಳು ಬೇಡ ಅಂದದ್ದರ ಮೇಲೆ ನಾನು ದಿನಾ ಹೋಗಿ ಕೂರುತ್ತೇನೆ.