ಬೆಟ್ಟದ ತುದಿಯಲ್ಲಿ ಕಂಡ ಬಿರುಕು

ಗಲ್ಫಿನ ನಮ್ಮ ಬಡಾವಣೆ ಡಿಸ್ಕವರಿ ಗಾರ್ಡನ್ಸಿನ ಸೈಕಲ್ ಅಂಗಡಿಯಲ್ಲಿ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ಬೆವರಿತು. ನೀವು ನಗಬಹುದು. ನನ್ನನ್ನು ಹೆದರಿಸಲು ಹುಲಿ, ಹಾವು ಬೇಕಿಲ್ಲ, ಇಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ನಾನು ಜೆಬೆಲ್ ಅಲಿಯಲ್ಲಿ ಒಂದು ಸೈಕಲ್ ಕಂಪನಿಯ ಗೋದಾಮಿನ ಗುಮಾಸ್ತ. ತನ್ನ ಸೈಕಲ್ ಮಾರಲೆಂದೇ ಕಂಪನಿ ವೃತ್ತಿಪರ ಸವಾರರ ತಂಡವೊಂದನ್ನು ಕಟ್ಟಿತ್ತು. ಮೊದಲ ವರ್ಷ ಅದನ್ನು ಕೇಳುವವರಿರಲಿಲ್ಲ. ಆಮೇಲೆ ಒಂದೆರಡು ಗೆಲುವು, ಹಿಂದೆಯೇ ಹೊಸ ಮಾದರಿಯ ಹಗುರ ಸೈಕಲ್. ಚಳಿಗಾಲದ ರೇಸಿಗೆ ತಂಡ ಇಲ್ಲಿಗೆ ಬಂದಾಗ ನೀರಿನ ಬಾಟಲಿ ಕೊಡಲು ನನ್ನನ್ನೂ, ರಿಪೇರಿಗೆ ಉಡುಪಿ ಕಡೆಯ ಮೆಕ್ಯಾನಿಕ್ ವಸಂತಣ್ಣನನ್ನೂ ಕಳಿಸಿದರು. ವಸಂತಣ್ಣನ ವ್ಯಾನಿನ ತುಂಬ ಇದೇ ವಾಸನೆ. ನನಗೂ ತಂಡದ ಬಿಗಿ ಅಂಗಿ ತೊಡಿಸಿದ್ದರು. ಅದರಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ನನ್ನ ಹೊಟ್ಟೆ.

ಅಲ್ ಐನ್‌ನ ಬೆಟ್ಟದ ತುದಿಯಲ್ಲಿ ರೇಸ್ ಮುಗಿಯಿತು. ಬಸ್ಸು ಕೆಳಗಿತ್ತು, ಸವಾರರು ಸೈಕಲ್ಲಿನಲ್ಲೇ ಇಳಿಯಬೇಕು. ತಂಡದ ಒಬ್ಬ ಹುಡುಗನ ಸೈಕಲ್ ಒರೆಸುತ್ತಿದ್ದ ವಸಂತಣ್ಣ ಥಟ್ಟನೆ ನಿಂತರು. ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಕೂದಲೆಳೆಯಂಥ ಗೆರೆ.

"ಬಿರುಕು ಮಾರ್ರೆ. ಇಳಿಯುವಾಗ ಮುರಿದ್ರೆ ಹುಡುಗ ಉಳಿಯುದಿಲ್ಲ."

ಕಂಪನಿಯ ಮ್ಯಾನೇಜರ್ ಬಗ್ಗಿ ನೋಡಿ ಹಿಂದಿಯಲ್ಲಿ ಗದರಿದ: ಬರೀ ಪೇಂಟ್ ಅದು, ಕೆಳಗೆ ಕ್ಯಾಮೆರಾದವರು ಕಾಯುತ್ತಿದ್ದಾರೆ, ಎಲ್ಲರೂ ಹೊಸ ಸೈಕಲ್ಲಲ್ಲೇ ಇಳಿಯಬೇಕು. "ಯಲ್ಲಾ, ಹೊರಡಿ!"

ನಮ್ಮಿಬ್ಬರ ವೀಸಾ ಅವನ ಕೈಯಲ್ಲಿತ್ತು. ನನ್ನ ಹೆಂಡತಿ ಆಗ ಬಸುರಿ. ಕೆಳಗೆ ತಿರುವಿನ ಮೇಲೆ ತಿರುವು, ರಸ್ತೆಬದಿಯ ಗೋಡೆಯಾಚೆ ಬರೀ ಕಲ್ಲು. ಹುಡುಗ ಜಾಕೆಟ್ ಹಾಕಿಕೊಂಡು ಬಂದು ನನ್ನ ಕೈಯಿಂದಲೇ ಬಾಟಲಿ ತೆಗೆದುಕೊಂಡು ನಕ್ಕ. ಒಂದು ಮಾತು ಸಾಕಿತ್ತು. ನಾನು ಆಚೆ ತಿರುಗಿ ಕಣಿವೆ ನೋಡುತ್ತ ನಿಂತೆ.

ಅಷ್ಟರಲ್ಲಿ ವಸಂತಣ್ಣ ಮುಂದಿನ ಚಕ್ರದ ಅಚ್ಚು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. "ಈ ಸೈಕಲ್ ಹೋಗುದಿಲ್ಲ. ಇವನನ್ನು ಕಾರಲ್ಲಿ ಕಳ್ಸಿ."

ಹುಡುಗ ಕಾರಿನಲ್ಲಿ ಇಳಿದ. ಗೋದಾಮಿನಲ್ಲಿ ಒತ್ತಿ ನೋಡಿದಾಗ ಫೋರ್ಕ್ ಬಿಸ್ಕತ್ತಿನಂತೆ ಮುರಿಯಿತು. ಆದರೂ ತಿಂಗಳೊಳಗೆ ವಸಂತಣ್ಣನ ವೀಸಾ ರದ್ದಾಯಿತು. ಮರುವರ್ಷ ಕಂಪನಿ ತಂಡವನ್ನೇ ಮುಚ್ಚಿತು. ಉಳಿದ ಅಂಗಿಗಳು ಗೋದಾಮು ಒರೆಸುವ ಬಟ್ಟೆಯಾದವು.

ಈಗ ಸೈಕಲ್ ಅಂಗಡಿಯ ಹೊರಗೆ ಬಂದು, ಉಡುಪಿಗೆ ಮರಳಿದ್ದ ವಸಂತಣ್ಣನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕೊನೆಗೆ ಕೇಳಿದೆ: "ಅವತ್ತು ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಆಗದೆ ಮತ್ತೆ? ಕೈ ನಡುಗಿ ಅಚ್ಚು ತಿರುಗ್ತಾ ಇರ್ಲಿಲ್ಲ. ಸೈಕಲ್ ಒಮ್ಮೆ ಹಿಡ್ಕೊಳ್ಳಿ ಅಂತ ನಿಮ್ಮನ್ನೇ ಕರೆದೆ. ನಿಮಗೆ ಕೇಳ್ಲಿಲ್ಲ ಕಾಣ್ತದೆ, ಆಚೆ ನೋಡ್ತಾ ಇದ್ರಿ."

ಇಷ್ಟು ವರ್ಷ ನಾನೂ ನನಗೆ ಹಾಗೆಯೇ ಹೇಳಿಕೊಂಡಿದ್ದೆ.

"ಕೇಳಿತ್ತು, ವಸಂತಣ್ಣ," ಎಂದೆ.