ಕಾಲು ತೊಳೆಯುವ ನೀರು ಕಾಸಿದವಳು

ಅಕ್ಕ ತೀರಿಹೋದ ಮೇಲೆ ಸರಸಂಬಾ ಊರಿನ ಅವಳ ಮನೆಯಲ್ಲಿ ಸ್ಮರಣೆಯ ಪ್ರಾರ್ಥನೆ ಇಟ್ಟಿದ್ದರು. ನಾನು ನೆಲೋಗಿಯಿಂದ ಹೊರಟು, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಆಳಂದ ದಾಟಿ ಹೋಗುವಷ್ಟರಲ್ಲಿ ಹಾಡು ಮುಗಿದಿತ್ತು. ಪಾಸ್ಟರರು ಅಕ್ಕನನ್ನು ಹೊಗಳುತ್ತಿದ್ದರು. ಸ್ವಾರ್ಥವಿಲ್ಲದ ಪ್ರೀತಿ ಎಂದರೆ ಇವಳದು, ಹಾಸಿಗೆ ಹಿಡಿದ ಅತ್ತೆಯನ್ನು ಕೂಸಿನಂತೆ ನೋಡಿಕೊಂಡಳು, ಒಂದು ದಿನವೂ ಬೇಸರಪಡಲಿಲ್ಲ ಎಂದರು.

ಬೇಸರಪಟ್ಟಿದ್ದಳು. ನನಗೆ ಫೋನಿನಲ್ಲಿ ಹೇಳುತ್ತಿದ್ದಳು. ಸೊಂಟ ನೋವು, ನಿದ್ದೆ ಇಲ್ಲ, ಅತ್ತೆಯನ್ನು ಹೊರಳಿಸಲು ಇನ್ನೊಂದು ಕೈ ಬೇಕು. ಹೇಳಿ, ಅತ್ತು, ಮತ್ತೆ ಎದ್ದು ಹೋಗುತ್ತಿದ್ದಳು. ಬೇಸರ ಇದ್ದೂ ಎದ್ದು ಹೋಗುತ್ತಿದ್ದಳಲ್ಲ, ಅದನ್ನು ಹೇಳದೆ ಹೊಗಳಿದರೆ ಅವಳ ಪ್ರೀತಿಯನ್ನೇ ಅಗ್ಗ ಮಾಡಿದಂತೆ.

ಭಾವ ಸಭೆಯ ಹಿರಿಯರು. ಶುಭ ಶುಕ್ರವಾರದ ಹಿಂದಿನ ಸಂಜೆ, ಕರ್ತನು ಶಿಷ್ಯರ ಕಾಲು ತೊಳೆದದ್ದನ್ನು ನೆನೆದು, ಆಳಂದದ ಚರ್ಚಿನಲ್ಲಿ ಹನ್ನೆರಡು ಮಂದಿಯ ಕಾಲು ತೊಳೆಯುವವರು ಅವರೇ. ನೀರು ಕಾಸುವವಳು, ಟವೆಲ್ ಒಗೆದು ಮಡಚುವವಳು, ಕೊನೆಗೆ ಬೋಗುಣಿ ತಿಕ್ಕುವವಳು ಅಕ್ಕ. ಆದರೆ ಮನೆಯಲ್ಲಿ ಹೆತ್ತ ತಾಯಿಯ ಕಾಲನ್ನು ಭಾವ ಮುಟ್ಟಿದ್ದು ನಾನು ನೋಡಿಲ್ಲ. ಅದು ಹೆಣ್ಣುಮಕ್ಕಳ ಕೆಲಸ ಎನ್ನುತ್ತಿದ್ದರು.

ಪ್ರಾರ್ಥನೆ ಮುಗಿದು ಊಟಕ್ಕೆ ಏಳುವ ಮೊದಲು ಭಾವ ಮಗಳ ಮಾತೆತ್ತಿದರು. ಅವಳು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. ಓದು ಬಿಟ್ಟು ಬಂದು ಅಜ್ಜಿಯನ್ನು ನೋಡಿಕೊಳ್ಳಲಿ, ತಾಯಿ ಹೊತ್ತ ಶಿಲುಬೆಯನ್ನು ಮಗಳು ಹೊರಲಿ ಎಂದರು. ಕೂತವರು ತಲೆಯಾಡಿಸಿದರು. ನೆರೆಯ ಮುದುಕಿಯೊಬ್ಬಳು, "ದವಾಖಾನ್ಯಾಗ ಮಂದಿ ಸೇವಾ ಮಾಡಾಕಿ ಮನ್ಯಾಗ ಮಾಡಿದ್ರ ಸವೀತಾಳೇನ್?" ಎಂದಳು. ಹುಡುಗಿ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು.

ನನಗೆ ಮಾತು ಕಡಿಮೆ. ಅಂದು ಸುಮ್ಮನಿರಲಾಗಲಿಲ್ಲ.

"ಶಿಲುಬಿ ತಾವಾಗಿ ಹೊರಬೇಕ್ರಿ. ಇನ್ನೊಬ್ಬರ ಹೆಗಲ ಮ್ಯಾಲ ಹೇರಿ ಅದಕ್ಕ ಪ್ರೀತಿ ಅನಬ್ಯಾಡ್ರಿ," ಎಂದೆ. "ಕರ್ತ ಬೋಗುಣಿ ತಗೊಂಡು ತನ್ನ ತಾಯಿ ಮರಿಯಮ್ಮನ ಕೈಯಾಗ ಕೊಟ್ಟನೇನು? ತಾನೇ ಬಗ್ಗಿದ."

ಭಾವ ನನ್ನನ್ನು ನೋಡಲಿಲ್ಲ, ಪಾಸ್ಟರರನ್ನು ನೋಡಿದರು. ಪಾಸ್ಟರರು ಬೈಬಲ್ ಮುಚ್ಚಿ ಚೀಲದಲ್ಲಿಡತೊಡಗಿದರು. ಆಗ ಒಳಕೋಣೆಯಿಂದ ಅತ್ತೆಯ ದನಿ ಬಂತು. ಮಲಗಿದ್ದಲ್ಲೇ ಎಲ್ಲ ಕೇಳಿಸಿಕೊಂಡಿದ್ದರು.

"ಊರ ಮಂದಿ ಕಾಲ್ ತೊಳೀತಿ. ನನ್ನ ಕಾಲಾಗೇನ್ ಮುಳ್ಳ ಅದಾವೇನಲೇ? ಹುಡುಗಿ ಓದ್ಲಿ. ನೀ ಬಾ."

ಯಾರೋ ನಕ್ಕು, ತಕ್ಷಣ ತಡೆದುಕೊಂಡರು. ಭಾವ ಎದ್ದು ಅಡುಗೆಮನೆಗೆ ಹೋದರು. ತಮ್ಮ ಮನೆಯಲ್ಲಿ ಬೋಗುಣಿ ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮಗಳು ತೋರಿಸಲು ಏಳಹೊರಟಳು. ನಾನು ಕೈ ಹಿಡಿದು ಕೂರಿಸಿದೆ. ಹುಡುಕಲಿ. ಪಾತ್ರೆಗಳ ಸದ್ದಾಯಿತು, ಬಹಳ ಹೊತ್ತಾಯಿತು. ಆಮೇಲೆ, ನೀರು ತಣ್ಣಗಿದೆ, ಕಾಸಿಕೊಂಡು ಬಾ ಎಂದು ಅತ್ತೆ ಗದರಿದ್ದು ಕೇಳಿಸಿತು.

ಮರುದಿನ ಹುಡುಗಿ ಮತ್ತು ನಾನು ಒಂದೇ ಬಸ್ಸಿನಲ್ಲಿ ಹೊರಟೆವು. ಅವಳು ಕಲಬುರಗಿಯಲ್ಲಿ ಹಾಸ್ಟೆಲಿನ ಕಡೆ ಹೋದಳು, ನಾನು ನೆಲೋಗಿಗೆ ಹೋಗಲು ಜೇವರ್ಗಿ ಬಸ್ಸು ಹತ್ತಿದೆ. ಭಾವ ಈಗ ದಿನವೂ ನೀರು ಕಾಸುತ್ತಾರಂತೆ. ಎಂಥ ಮಗ ಎಂದು ಸಭೆಯಲ್ಲಿ ಜನ ಅವರನ್ನು ಹೊಗಳಲು ಶುರುಮಾಡಿದ್ದಾರಂತೆ. ನನ್ನ ಸಿಟ್ಟು ಇಳಿದಿಲ್ಲ. ಅಕ್ಕ ಕೇಳಿದ್ದು ಇನ್ನೊಂದು ಕೈ. ಅದು ಆ ಮನೆಯಲ್ಲೇ ಇತ್ತು.